ಸುದ್ದಿಯಲ್ಲಿ ಸಿಡಿದ ಸ್ಟವ್



ಸ್ಟವ್ ಎಂಬುದು ನಮ್ಮ ಅಡುಗೆಮನೆಯ ಮಾತು. 1980, 90ರ ದಶಕಗಳ ಪತ್ರಿಕೆಗಳಲ್ಲಿ ಅದು ಸಾವಿನ ಸುದ್ದಿಯ ಮಾತೂ ಆಗಿತ್ತು. ‘ಸ್ಟವ್ ಸಿಡಿದು ಗೃಹಿಣಿ ಸಾವು’ ಎಂಬಂಥ ತಲೆಬರಹ, ಕೆಳಗೆ ನಾಲ್ಕು ಸಾಲು. ಅಷ್ಟೇ.

ಆ ಮಾತನ್ನು ಬಿಡಿಸಿ ನೋಡಿ. ಸಿಡಿದದ್ದು ಸ್ಟವ್, ಸತ್ತದ್ದು ಗೃಹಿಣಿ. ಮನೆಯಲ್ಲಿ ಆಗ ಯಾರಿದ್ದರು? ಮದುವೆಯಾಗಿ ಎಷ್ಟು ದಿನವಾಗಿತ್ತು? ತವರಿನವರು ಏನೆಂದರು? ಇದಕ್ಕೆಲ್ಲ ಜಾಗವಿಲ್ಲ. ಎಷ್ಟೋ ಸಲ ಗಂಡನ ಮನೆಯವರು ಹೇಳಿದ್ದನ್ನು ಠಾಣೆಯವರು ಬರೆದುಕೊಂಡರು, ಠಾಣೆಯವರು ಹೇಳಿದ್ದನ್ನು ಪತ್ರಿಕೆಯವರು ಅಚ್ಚು ಹಾಕಿದರು.

ಪಂಪ್ ಸ್ಟವ್ ಅಪಾಯದ್ದೇ. ಪಿನ್ ಹಾಕಿ ಹಾಕಿ ಹಚ್ಚಿದವರಿಗೆ ಅದು ಗೊತ್ತು. ಆದರೆ ಬತ್ತಿ ಸ್ಟವ್‌ಗೆ ಗಾಳಿ ಹೊಡೆಯುವುದೇ ಇಲ್ಲವಲ್ಲ! ನಿಜವಾಗಿ ಸಿಡಿದಿದ್ದರೆ ಟ್ಯಾಂಕ್ ಒಡೆದಿರಬೇಕು. ಅದನ್ನು ನೋಡಿದವರು ಯಾರು? ಅತ್ತೆ ಅಡುಗೆಗೆ ನಿಂತಾಗ ಸಿಡಿಯದ ಸ್ಟವ್ ಸೊಸೆಗೇ ಏಕೆ ಸಿಡಿಯುತ್ತದೆ ಎಂದು ಹೆಂಗಸರು ಕೇಳತೊಡಗಿದರು. 1979ರಲ್ಲಿ ದೆಹಲಿಯ ಸ್ತ್ರೀ ಸಂಘರ್ಷದವರು ಬೀದಿಗಿಳಿದು, ಇಂಥ ಸಾವು ಕೊಲೆ ಎಂದರು. ಬೆಂಗಳೂರಿನಲ್ಲಿ ವಿಮೋಚನಾದವರು 90ರ ದಶಕದಲ್ಲಿ, ಸ್ಟವ್ ಸಿಡಿತವೆಂದು ಮುಚ್ಚಿದ ಕಡತಗಳನ್ನು ಪ್ರಶ್ನಿಸಿದರು.

ನಡುವೆ, 1986ರಲ್ಲಿ, ‘ವರದಕ್ಷಿಣೆ ಸಾವು’ ಎಂಬ ಹೆಸರು ಕಾನೂನಿಗೇ ಬಂತು. ಮದುವೆಯಾದ 7 ವರ್ಷದೊಳಗೆ ಹೆಣ್ಣು ಸುಟ್ಟು ಸತ್ತು, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ ನಡೆದಿದ್ದರೆ 304ಬಿ ಕಲಂ. 2024ರ ಜುಲೈನಿಂದ ಅದು ನ್ಯಾಯ ಸಂಹಿತೆಯ 80ನೇ ಕಲಂ.

ಈಗ ಸ್ಟವ್ ಹೋಗಿ ಗ್ಯಾಸ್ ಬಂದಿದೆ. ಸಂಘದಲ್ಲಿ ಪೇಪರ್ ಓದುವಾಗ ಇಂಥ ಸುದ್ದಿ ಕಂಡರೆ, ಮದುವೆಯಾಗಿ ಎಷ್ಟು ವರ್ಷವೆಂದು ಬರೆದಿದ್ದಾರೆಯೇ ನೋಡಿ. ಬರೆದಿಲ್ಲವೇ? ನಾಲ್ಕು ಜನ ಸೇರಿ ಆಕೆಯ ತವರಿಗೆ ಹೋಗಿ ಕೇಳಿ.