ಕೋಕೋಪೀಟ್ ಬೇಸಾಯದಲ್ಲಿ ಪೋಷಕಾಂಶ ನಿರ್ವಹಣೆ: ಗ್ರಾಮ ಪಂಚಾಯತಿಯ ಹೊಣೆ
(ತಳಕಲ್‌ನಲ್ಲಿ ಗ್ರಾಮ ಪಂಚಾಯತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್, ನಮ್ಮ ರೈತರಿಗೆ ಹೊಸದಲ್ಲ. ಟೊಮ್ಯಾಟೊ, ಮೆಣಸಿನಕಾಯಿ ಸಸಿಗಳನ್ನು ನರ್ಸರಿಗಳ ಟ್ರೇಗಳಲ್ಲಿ ಬೆಳೆಸುವುದು ಇದರಲ್ಲಿಯೇ. ಮಣ್ಣಿಲ್ಲದೆ, ಕೋಕೋಪೀಟ್ ತುಂಬಿದ ಚೀಲಗಳಿಗೆ ಹನಿ ನೀರಾವರಿಯಿಂದ ಪೋಷಕಾಂಶ ದ್ರಾವಣ ಕೊಟ್ಟು ಪೂರ್ಣ ಬೆಳೆ ತೆಗೆಯುವುದೂ ಸಾಧ್ಯವಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಇದಕ್ಕೆಂದೇ 'ಅರ್ಕ ಸಸ್ಯ ಪೋಷಕ ರಸ'ವನ್ನು ಸಿದ್ಧಪಡಿಸಿದೆ. ಸ್ವಸಹಾಯ ಸಂಘಗಳಾಗಲಿ, ಯುವಕರಾಗಲಿ ಇಂಥ ಘಟಕಕ್ಕೆ ಜಾಗ, ನೀರು ಕೇಳಿ ಬಂದಾಗ ತಾವು ಮೊದಲು ಪರಿಶೀಲಿಸಬೇಕಾದುದು ಗೊಬ್ಬರವನ್ನಲ್ಲ, ನೀರನ್ನು.

ನಮ್ಮ ಎರೆಭೂಮಿಯು ಪೋಷಕಾಂಶವನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬೇರಿಗೆ ಒದಗಿಸುತ್ತದೆ. ಹತ್ತು ಲೀಟರಿನ ಚೀಲಕ್ಕೆ ಆ ಸಾಮರ್ಥ್ಯವಿಲ್ಲ; ದ್ರಾವಣದ ಹೆಚ್ಚುಕಡಿಮೆ ಬೇಗನೆ ಗಿಡದಲ್ಲಿ ಕಾಣುತ್ತದೆ. ಅಲ್ಲದೆ ತೆಂಗಿನ ನಾರಿನಲ್ಲಿ ಸ್ವಾಭಾವಿಕವಾಗಿಯೇ ಪೊಟ್ಯಾಸಿಯಂ ಮತ್ತು ಸೋಡಿಯಂ ಇರುತ್ತವೆ. ಅದು ಇವನ್ನು ಬಿಟ್ಟುಕೊಟ್ಟು, ನಾವು ಕೊಟ್ಟ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ತಾನು ಹಿಡಿದುಕೊಳ್ಳುತ್ತದೆ. ಆಗ ಗಿಡಕ್ಕೆ ಕ್ಯಾಲ್ಸಿಯಂ ಕೊರತೆಯಾಗಿ ಟೊಮ್ಯಾಟೊ ಹಣ್ಣಿನ ತುದಿ ಕಪ್ಪಾಗಿ ಕೊಳೆಯುತ್ತದೆ. ಕಾರಣ ತಿಳಿಯದೆ ಇನ್ನಷ್ಟು ಗೊಬ್ಬರ ಸುರಿದರೆ ಲವಣ ಹೆಚ್ಚಿ ಹಾನಿಯೂ ಹೆಚ್ಚುತ್ತದೆ.

ಆದ್ದರಿಂದ ನಾಟಿಗೆ ಮೊದಲು ಕೋಕೋಪೀಟನ್ನು ಒಳ್ಳೆಯ ನೀರಿನಿಂದ ತೊಳೆಯಬೇಕು. ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ಒಂದು ದಿನ ನೆನೆಸಿ ಮತ್ತೆ ತೊಳೆಯಬೇಕು. ಬೇರಿನ ಬಳಿ ರಸಸಾರ 5.5ರಿಂದ 6.5ರೊಳಗಿರಬೇಕು. ಕ್ಯಾಲ್ಸಿಯಂ ನೈಟ್ರೇಟನ್ನು ಒಂದು ತೊಟ್ಟಿಯಲ್ಲಿಯೂ ಸಲ್ಫೇಟ್, ಫಾಸ್ಫೇಟ್ ಗೊಬ್ಬರಗಳನ್ನು ಇನ್ನೊಂದರಲ್ಲಿಯೂ ಕರಗಿಸಬೇಕು. ಗಾಢವಾಗಿರುವಾಗ ಬೆರೆಸಿದರೆ ಬಿಳಿಯ ಗಸಿ ಕಟ್ಟಿ ಡ್ರಿಪ್ಪರ್‌ಗಳು ಮುಚ್ಚಿಹೋಗುತ್ತವೆ.

ಇನ್ನು ನೀರಿನ ಲೆಕ್ಕ. ನೀರಿನಲ್ಲಿ ಕರಗಿದ ಲವಣವನ್ನು ವಿದ್ಯುತ್ ವಾಹಕತೆ, ಅಂದರೆ ಇ.ಸಿ., ಎಂಬ ಅಳತೆಯಿಂದ ತಿಳಿಯುತ್ತೇವೆ. ಬೆಳೆಗೆ ಕೊಡುವ ದ್ರಾವಣದ ಇ.ಸಿ. 2.5 ಇರಬೇಕೆನ್ನೋಣ. ಕೊಳವೆಬಾವಿಯ ನೀರಿನದೇ 1.5 ಇದ್ದರೆ ಪೋಷಕಾಂಶಕ್ಕೆ ಉಳಿಯುವ ಅವಕಾಶ 1 ಮಾತ್ರ. ಶುದ್ಧ ಕುಡಿಯುವ ನೀರಿನ ಘಟಕದಿಂದ ಹೊರಬೀಳುವ ನೀರು ಪುಕ್ಕಟೆ ಸಿಗುತ್ತದೆಂದು ಇದಕ್ಕೆ ಬಳಸಬಾರದು. ಶುದ್ಧ ನೀರಿನಿಂದ ತೆಗೆದ ಲವಣವೆಲ್ಲ ಅದರಲ್ಲಿರುತ್ತದೆ. ಎಲ್ಲಕ್ಕಿಂತ ಉತ್ತಮವಾದುದು ಮಳೆನೀರು. 1,000 ಚದರ ಮೀಟರ್ ಛಾವಣಿಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 1,00,000 ಲೀಟರ್ ಆಗುತ್ತದೆ. ದಿನಕ್ಕೆ 1,500 ಲೀಟರ್ ಬಳಸುವ ಘಟಕಕ್ಕೆ, ಆವಿಯಾಗದಂತೆ ಮುಚ್ಚಿಟ್ಟರೆ, ಇದು ಎರಡು ತಿಂಗಳಿಗೆ ಸಾಕು.

ಲವಣ ಶೇಖರವಾಗದಿರಲು ಕೊಟ್ಟ ದ್ರಾವಣದಲ್ಲಿ ಸುಮಾರು ಐದನೆಯ ಒಂದು ಭಾಗ ಚೀಲದಿಂದ ಬಸಿದುಹೋಗಬೇಕು. ಅದೇ ಘಟಕದಲ್ಲಿ ಇದು ದಿನಕ್ಕೆ 300 ಲೀಟರ್. ಇಲ್ಲಿಯೇ ಪಂಚಾಯತಿಯ ಹೊಣೆ ಬರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಬಸಿದ ದ್ರಾವಣದಲ್ಲಿ ಅದು ಹಲವು ನೂರು ಮಿಲಿಗ್ರಾಂ ಇರಬಹುದು. ಹೆಚ್ಚು ನೈಟ್ರೇಟ್ ಎಳೆಗೂಸುಗಳ ರಕ್ತವು ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಂದಿಸುತ್ತದೆ. ಅಂತರ್ಜಲದ ಫ್ಲೋರೈಡಿನಿಂದ ಈಗಾಗಲೇ ಬಳಲುತ್ತಿರುವ ನಮ್ಮ ಜಿಲ್ಲೆಗೆ ಇನ್ನೊಂದು ಹೊರೆ ಬೇಡ. ಬಸಿದ ನೀರನ್ನು ತೊಟ್ಟಿಯಲ್ಲಿ ಹಿಡಿದು, ಒಳ್ಳೆಯ ನೀರು ಬೆರೆಸಿ ಮೇವಿನ ಹುಲ್ಲಿಗೆ ಹಾಯಿಸಬಹುದು.

ಆದುದರಿಂದ ಅರ್ಜಿ ಬಂದಾಗ ಮೂರು ವಿಷಯ ಕೇಳಿರಿ: ನೀರಿನ ಪರೀಕ್ಷಾ ವರದಿ ಇದೆಯೇ? ಇ.ಸಿ. ಮತ್ತು ರಸಸಾರ ಅಳೆಯುವ ಉಪಕರಣಗಳೂ, ದಿನವೂ ಬರೆದಿಡುವ ಪುಸ್ತಕವೂ ಇರುವುವೇ? ಬಸಿದ ನೀರು ಎಲ್ಲಿಗೆ ಹೋಗುತ್ತದೆ? ಇವುಗಳಿಗೆ ಉತ್ತರ ದೊರೆತ ಮೇಲೆಯೇ ಠರಾವು ಮಾಡುವುದು ಅರ್ಜಿದಾರರಿಗೂ ಊರಿಗೂ ಕ್ಷೇಮ.