ರಾಗಿ ಹೊಲದಿಂದ ಮಗುವಿನ ತಟ್ಟೆಗೆ

ಬೆಂಗಳೂರಿನ ಸುತ್ತಲಿನ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಮಳೆಯಾಶ್ರಿತ ಹೊಲಗಳಲ್ಲಿ ರಾಗಿಯೇ ಮುಖ್ಯ ಬೆಳೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದಂಶವಿದೆ. ಪಾಲಿಶ್ ಅಕ್ಕಿಯಲ್ಲಿ ಇರುವುದು 10ರ ಆಸುಪಾಸು. ಹಾಗಿದ್ದೂ ಶಾಲೆಯ ಬಿಸಿಯೂಟವೆಂದರೆ ಹೆಚ್ಚಾಗಿ ಅನ್ನ, ಸಾಂಬಾರು. ರಾಗಿಯಂಥ ಸಿರಿಧಾನ್ಯ ಬಡಿಸಿದರೆ ಮಕ್ಕಳು ತಿನ್ನುವುದಿಲ್ಲ ಎಂಬುದು ಹಳೆಯ ಆಕ್ಷೇಪ. ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸಾಟ್‌ನ ವಿಜ್ಞಾನಿ ಎಸ್. ಅನಿತಾ ಮತ್ತು ಸಂಗಡಿಗರು ಇದನ್ನೇ ಕರ್ನಾಟಕದ ನಗರದಂಚಿನ ಶಾಲೆಗಳಲ್ಲಿ ಒರೆಗೆ ಹಚ್ಚಿದರು. ಮೂರು ತಿಂಗಳು ರಾಗಿ ಇಡ್ಲಿ, ಸಾಮೆ ಮತ್ತು ಸಜ್ಜೆಯ ಬಿಸಿಬೇಳೆಬಾತ್, ಉಪ್ಪಿಟ್ಟು, ಕಿಚಡಿ ಬಡಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮಕ್ಕಳು ಈ ಊಟವನ್ನು ಮೆಚ್ಚಿದರು. ಅವರ ಬೆಳವಣಿಗೆಯೂ ಸುಧಾರಿಸಿತು. ಅಂದರೆ ಕೊರತೆ ಇರುವುದು ನಾಲಿಗೆಯಲ್ಲಲ್ಲ, ಅಡುಗೆಯ ಕ್ರಮದಲ್ಲಿ.

ಮೂರು ತಿಂಗಳ ಅಧ್ಯಯನ ಕೊನೆಯ ಮಾತಲ್ಲ, ನಿಜ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣ, ಸುಣ್ಣಗಳನ್ನು ದೇಹಕ್ಕೆ ದಕ್ಕದಂತೆ ತಡೆಯುತ್ತದೆ ಎಂಬ ತಕರಾರೂ ಸರಿಯೇ. ಆದರೆ ಅದಕ್ಕೆ ಮದ್ದು ನಮ್ಮ ಅಡುಗೆಮನೆಯಲ್ಲೇ ಇದೆ: ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಹಿಟ್ಟು ಮಾಡಿದರೆ ಆ ತಡೆ ಸಡಿಲವಾಗುತ್ತದೆ. ರಾಗಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಬೇಳೆ, ಹಾಲು ತುಂಬುತ್ತವೆ. 2024ರಿಂದ ರಾಜ್ಯದ ಶಾಲೆಗಳಲ್ಲಿ ಹಾಲಿನೊಂದಿಗೆ ಸಿಗುತ್ತಿರುವ ರಾಗಿ ಮಾಲ್ಟ್ ಈ ದಿಕ್ಕಿನ ಒಳ್ಳೆಯ ಹೆಜ್ಜೆ. ಸರ್ಕಾರ ಬೆಂಬಲ ಬೆಲೆಗೆ ಕೊಳ್ಳುವ ರಾಗಿ ಪಡಿತರಕ್ಕೆ ಮಾತ್ರವಲ್ಲ, ಬಿಸಿಯೂಟಕ್ಕೂ ಅಂಗನವಾಡಿಗೂ ಹರಿಯಬೇಕು. ಆಹಾರ ಭದ್ರತೆಯನ್ನು ಗೋದಾಮಿನ ಮೂಟೆಗಳಿಂದಲ್ಲ, ಮಗುವಿನ ಎತ್ತರ, ತೂಕಗಳಿಂದ ಅಳೆಯೋಣ.