ಒಂದೇ ಡಬ್ಬಿ, ಎರಡು ಕ್ಯಾಪ್ಸೂಲ್: ಅಮ್ಮಮ್ಮನ ಔಷಧಿ ಎಳೆದು ನಾನು ಕಲಿತಿದ್ದು



ನಮ್ಮ ಕಡೆ ಒಂದು ಮಾತಿದೆ: ‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ.’ ರಸ್ತೆ ಇಲ್ಲದ ಕಾಲದಲ್ಲಿ ಕಾಡು ಹತ್ತಿ ನಡೀಬೇಕಿತ್ತಲ್ಲ, ಮೈಯಲ್ಲಿ ಕಸುವು ಇದ್ದವನಿಗೆ ಮಾತ್ರ ಯಾಣ. ನಾನು ಆ ಊರಿನ ಪಕ್ಕದಲ್ಲೇ ಬೆಳೆದವನು, ಆದ್ರೆ ಸೊಕ್ಕು ಇಲ್ಲದವನು. ಆರನೇ ಕ್ಲಾಸಿಂದ ಅಸ್ತಮಾ. ರೀಲ್ಸ್‌ನಲ್ಲಿ ನೀವು ನೋಡ್ತೀರಲ್ಲ, 120 ಮೀಟರ್ ಎತ್ತರದ ಕಪ್ಪು ಭೈರವೇಶ್ವರ ಶಿಖರ, ಅದರ ಬುಡಕ್ಕೆ ಹೋಗೋ ಮೆಟ್ಟಿಲಲ್ಲಿ ಶಾಲೆ ಟ್ರಿಪ್ಪಿನ ದಿನ ಅರ್ಧಕ್ಕೇ ಕೂತವನು ನಾನು.

ಮನೇಲಿ ಉಸಿರಿನ ತೊಂದರೆ ಇಬ್ಬರಿಗೆ. ನಂಗೆ ಅಸ್ತಮಾ, ಅಮ್ಮಮ್ಮಂಗೆ ಸಿಒಪಿಡಿ. ಅವಳು ಬೀಡಿ ಮುಟ್ಟಿದವಳಲ್ಲ. ಐವತ್ತು ವರ್ಷ ಅಡುಗೆ ಒಲೆ, ಬಚ್ಚಲ ಹಂಡೆಯ ಒಲೆ ಊದಿದವಳು. ಮಳೆಗಾಲದ ಹಸಿ ಕಟ್ಟಿಗೆಯ ಹೊಗೆ ಹೇಗಿರುತ್ತೆ ಅಂತ ಗೊತ್ತಿದ್ದವರಿಗೆ ಹೆಚ್ಚು ಹೇಳ್ಬೇಕಾಗಿಲ್ಲ.

ಇಬ್ಬರಿಗೂ ಔಷಧಿ ರೋಟಾಹೇಲರ್‌ನಲ್ಲಿ. ಕ್ಯಾಪ್ಸೂಲ್ ಹಾಕು, ತಿರುಗಿಸು, ಎಳೆ. ನಂದು ಬ್ಯುಡೆಸೊನೈಡ್ ಮತ್ತು ಫಾರ್ಮೊಟೆರಾಲ್, ಬೆಳಿಗ್ಗೆ-ಸಂಜೆ. ಅವಳದ್ದು ಟಿಯೊಟ್ರೋಪಿಯಂ, ದಿನಕ್ಕೆ ಒಂದೇ ಸಲ. ಎರಡೂ ಒಂದೇ ಬಿಸ್ಕತ್ ಡಬ್ಬಿಯಲ್ಲಿ ಇರ್ತಿತ್ತು.

ಒಂದು ಜುಲೈನಲ್ಲಿ ನನ್ನ ಸ್ಟ್ರಿಪ್ ಖಾಲಿ. ಹೊರಗೆ ಬಿಟ್ಟೂಬಿಡದ ಮಳೆ, ರಸ್ತೆಗೆ ಮರ ಬಿದ್ದಿದೆ, ಕುಮಟಾ ಪೇಟೆಗೆ ಹೋಗೋಕೆ ಆಗ್ತಿಲ್ಲ. ನಾನೇನು ಮಾಡಿದೆ? ಅಮ್ಮಮ್ಮನ ಕ್ಯಾಪ್ಸೂಲ್ ಎಳೆದೆ. ಯಂತ್ರ ಒಂದೇ ಅಲ್ವಾ, ಎರಡೂ ‘ದಿನಾ ತಗೊಳ್ಳೋದು’ ಅಲ್ವಾ ಅಂತ ನನ್ನ ಲೆಕ್ಕ.

ಮೊದಲೆರಡು ದಿನ ಏನೂ ಆಗ್ಲಿಲ್ಲ. ನಾಲ್ಕನೇ ದಿನ ರಾತ್ರಿ ಎರಡು ಗಂಟೆಗೆ ಎದ್ದು ಕೂತೆ. ನೀಲಿ ಪಫ್, ಅಂದ್ರೆ ಸಾಲ್ಬುಟಮಾಲ್, ಹೊಡೆದೆ. ಸ್ವಲ್ಪ ಹೊತ್ತು ಸಡಿಲ, ಮತ್ತೆ ಬಿಗಿ. ಮಾತಾಡೋಕೆ ಒಂದೊಂದೇ ಪದ. ಪಕ್ಕದ ಮನೆ ಭಾವ ಓಮ್ನಿ ತೆಗೆದ. ಆಯಿ ದಾರಿಯುದ್ದಕ್ಕೂ ನನ್ನ ಬೆನ್ನ ಮೇಲಿಟ್ಟ ಕೈ ತೆಗೀಲಿಲ್ಲ. ಆ ಕಾಡಿನ ರಸ್ತೆ ಅಷ್ಟು ಉದ್ದ ಅಂತ ನಂಗೆ ಅವತ್ತೇ ಗೊತ್ತಾಗಿದ್ದು.

ನೆಬ್ಯುಲೈಸರ್, ಆಕ್ಸಿಜನ್, ಸ್ಟಿರಾಯ್ಡ್ ಎಲ್ಲಾ ಆಯ್ತು. ಬೆಳಿಗ್ಗೆ ಡಾಕ್ಟರ್ ಬೈದ್ರು, ಆಮೇಲೆ ಕೂತು ವಿವರಿಸಿದ್ರು. ನಂಗೆ ಅರ್ಥ ಆಗಿದ್ದನ್ನ ತೋಟದ ಪೈಪ್ ಇಟ್ಕೊಂಡು ಹೇಳ್ತೀನಿ.

ಅಸ್ತಮಾದಲ್ಲಿ ಪೈಪಿನ ಒಳಗೋಡೆ ಬಾತಿರುತ್ತೆ, ಆ ಉರಿಯೂತ ಕೆರಳಿದಾಗ ಸುತ್ತಲಿನ ಸ್ನಾಯು ಹಿಂಡುತ್ತೆ. ಬಾವು ಇಳಿಸೋದು ಎಳೆಯುವ ಸ್ಟಿರಾಯ್ಡ್. ಹಾಗಾಗಿ ಅಸ್ತಮಾಕ್ಕೆ ಅದೇ ಬುಡ. ಸ್ಟಿರಾಯ್ಡ್ ಇಲ್ಲದೆ ಬರೀ ದೀರ್ಘಕಾಲ ಅಗಲಿಸುವ ಔಷಧಿ ಮೇಲೆ ಅಸ್ತಮಾದವರು ಇರಬಾರದು. ಪೈಪ್ ಅಗಲ ಕಾಣುತ್ತೆ, ಒಳಗೆ ಬೆಂಕಿ ಹಾಗೇ ಇರುತ್ತೆ. ನಾನು ಮಾಡಿದ್ದು ಅದನ್ನೇ. ಟಿಯೊಟ್ರೋಪಿಯಂ ಅಸ್ತಮಾಕ್ಕೂ ಕೊಡ್ತಾರೆ, ಆದ್ರೆ ಸ್ಟಿರಾಯ್ಡ್ ಜೊತೆಗೆ ಸೇರಿಸಿ, ಅದರ ಬದಲಿಗಲ್ಲ.

ಸಿಒಪಿಡಿ ಲೆಕ್ಕವೇ ಬೇರೆ. ಅಲ್ಲಿ ಪೈಪೇ ಸವೆದು ಕಿರಿದಾಗಿರುತ್ತೆ, ಶ್ವಾಸಕೋಶದ ಗಾಳಿಚೀಲಗಳು ಹಾಳಾಗಿರುತ್ತವೆ. ಅಲ್ಲಿ ಬುಡ ಅಗಲಿಸುವ ಔಷಧಿ. ಸ್ಟಿರಾಯ್ಡ್ ಸೇರಿಸೋದು ಪದೇ ಪದೇ ಉಲ್ಬಣ ಆಗುವವರಿಗೆ, ರಕ್ತದಲ್ಲಿ ಇಯೊಸಿನೊಫಿಲ್ ಜಾಸ್ತಿ ಇದ್ದವರಿಗೆ. ಸುಮ್ನೆ ಕೊಟ್ರೆ ಅವರಲ್ಲಿ ನ್ಯುಮೋನಿಯಾ ಅಪಾಯ ಏರುತ್ತೆ. ಅಂದ್ರೆ ನನ್ನದು ಅವಳಿಗೆ, ಅವಳದ್ದು ನಂಗೆ, ಎರಡೂ ಕಡೆಯಿಂದ ತಪ್ಪೇ.

ನೀಲಿ ಪಫ್ ಕಥೆಯನ್ನೂ ಹೇಳ್ಬಿಡ್ತೀನಿ, ಯಾಕಂದ್ರೆ ನಿಮ್ಮಲ್ಲಿ ಎಷ್ಟೋ ಜನ ಅದೊಂದನ್ನೇ ಬ್ಯಾಗಲ್ಲಿ ಇಟ್ಕೊಂಡು ಓಡಾಡ್ತಿದ್ದೀರಿ. ನಿಮಿಷಗಳಲ್ಲಿ ಕೆಲಸ ಮಾಡುತ್ತೆ, ನಾಲ್ಕರಿಂದ ಆರು ಗಂಟೆಯಲ್ಲಿ ಇಳಿಯುತ್ತೆ, ಬಾವಿಗೆ ಏನೂ ಮಾಡಲ್ಲ. ಅಸ್ತಮಾದ ಜಾಗತಿಕ ಮಾರ್ಗಸೂಚಿ ಬರೆಯೋ ‘ಜಿನಾ’ 2019ರಲ್ಲಿ ನೇರವಾಗಿ ಹೇಳ್ತು: ದೊಡ್ಡವರಿಗೂ ಹದಿಹರೆಯದವರಿಗೂ ಬರೀ ಸಾಲ್ಬುಟಮಾಲ್ ಸಾಲದು, ಸ್ಟಿರಾಯ್ಡ್ ಬೇಕೇ ಬೇಕು. ಫಾರ್ಮೊಟೆರಾಲ್ ಕೂಡ ನಿಮಿಷಗಳಲ್ಲೇ ಕೆಲಸ ಶುರು ಮಾಡೋದರಿಂದ, ಸ್ಟಿರಾಯ್ಡ್ ಸೇರಿದ ಆ ಜೋಡಿ ಔಷಧಿಯನ್ನೇ ದಿನಕ್ಕೂ ತುರ್ತಿಗೂ ಕೆಲವರಿಗೆ ಕೊಡ್ತಾರೆ. ಸಾಲ್ಮೆಟೆರಾಲ್ ನಿಧಾನ, ಅದರ ಜೋಡಿಯನ್ನ ತುರ್ತಿಗೆ ನಂಬೋಕಾಗಲ್ಲ.

ಸ್ಟಿರಾಯ್ಡ್ ಅಂದ ಕೂಡ್ಲೆ ಆಯಿ ಮುಖ ಸಣ್ಣ ಮಾಡ್ತಿದ್ದಳು. ಎಳೆಯುವ ಒಂದು ಡೋಸ್ ಸಾಮಾನ್ಯವಾಗಿ 200 ಮೈಕ್ರೋಗ್ರಾಂ ಆಸುಪಾಸು. ಅಟ್ಯಾಕ್ ಆದಾಗ ನುಂಗೋ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿಲಿಗ್ರಾಂ, ಅಂದ್ರೆ 40,000 ಮೈಕ್ರೋಗ್ರಾಂ. ಎರಡೂ ಒಂದೇ ಔಷಧಿಯಲ್ಲ ನಿಜ, ಆದ್ರೂ ಅಂದಾಜು ಸಿಗುತ್ತಲ್ಲ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲಾಂದ್ರೆ ನಾಲಿಗೆ ಮೇಲೆ ಬಿಳಿ ಹುಣ್ಣು ಬರುತ್ತೆ.

ಅಮ್ಮಮ್ಮನ ವಿಷಯ ಇನ್ನೂ ತಮಾಷೆ, ಮತ್ತೆ ಬೇಜಾರು. ಮೊದಲ ವಾರ ಅವಳು ಕ್ಯಾಪ್ಸೂಲನ್ನ ನೀರಿನ ಜೊತೆ ನುಂಗ್ತಿದ್ದಳು! ಎಳೆಯೋದು ಕಲಿಸಿದ ಮೇಲೆ ಗೊತ್ತಾಯ್ತು, ಪುಡಿ ಒಳಗೆ ಹೋಗೋಕೆ ಬೇಕಾದಷ್ಟು ಜೋರು ಅವಳ ಉಸಿರಲ್ಲಿ ಇಲ್ಲ. ಅವಳಿಗೆ ಈಗ ಸ್ಪೇಸರ್ ಹಾಕಿದ ಪಫ್. ಮತ್ತೊಂದು, ನಮ್ಮ ಮಳೆಗಾಲದ ಥಂಡಿಗೆ ಪುಡಿ ಗಟ್ಟಿಯಾಗುತ್ತೆ. ನಾಳೆಗೆ ಅಂತ ಇವತ್ತೇ ಸ್ಟ್ರಿಪ್ಪಿಂದ ಬಿಡಿಸಿಡಬೇಡಿ.

ಹುಷಾರಾದ ಕೂಡ್ಲೆ ಬಿಡೋ ಚಾಳಿ ನಂದೂ ಇತ್ತು, ಅವಳದ್ದು ಇನ್ನೂ ಇದೆ. ಮೊನ್ನೆಯೂ ಅಂದಳು: ‘ಯಂಗೆ ಈಗ ಅರಾಮಿದ್ದು, ಇನ್ನೆಂತಕ್ಕೆ ಅದು?’ ಅರಾಮಿರೋದು ಅದರಿಂದಲೇ ಅಮ್ಮಮ್ಮಾ ಅಂದ್ರೆ ನಗ್ತಾಳೆ.

2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಹತ್ರ ಪಲ್ಟಿಯಾಗಿ ನಾಲ್ವರು ಹೋದ ಮೇಲೆ, ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ ಎಷ್ಟೊಂದು ಪೋಸ್ಟ್ ಹಾಕಿದ್ವಿ. ಬೇಕೇ ಬೇಕು. ಆದ್ರೆ ಆ ಓಮ್ನಿಯ ರಾತ್ರಿ ನನ್ನ ವಿಷಯದಲ್ಲಿ ಒಂದು ಖಾಲಿ ಸ್ಟ್ರಿಪ್ಪಿಂದ ಶುರುವಾಗಿದ್ದು. ಈಗ ಮೇ ಕೊನೆಯಲ್ಲೇ ಎರಡು ತಿಂಗಳದ್ದು ತಂದಿಡ್ತೀನಿ. ಡಬ್ಬಿ ಬೇರೆ ಬೇರೆ, ನನ್ನದಕ್ಕೆ ಕೆಂಪು ಟೇಪು.

ಔಷಧಿಯ ಫೋಟೊ ಮಾತ್ರ ನಂಗೆ ಕಳಿಸ್ಬೇಡಿ, ನಾನು ಡಾಕ್ಟರ್ ಅಲ್ಲ. ಮುಂದಿನ ಸಲ ಹೋದಾಗ ನಿಮ್ಮ ಡಾಕ್ಟರ್ ಹತ್ರ ಕೇಳಿ: ಇದು ದಿನದ್ದಾ, ತುರ್ತಿನದ್ದಾ? ಆಮೇಲೆ ಅವರೆದುರೇ ಒಮ್ಮೆ ಎಳೆದು ತೋರಿಸಿ. ಮುಂದಿನ ವಾರ ಸಿಗೋಣ.